ಹತ್ತು ಅಂಕದ ಯುದ್ಧ

"ಯಾಮಿನಿ ಮೇಡಂ ಅಂದ್ರೆ ಯಾರ್ ಇಲ್ಲಿ?"

ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತವನ ದನಿ ಕೇಳಿ ಯಾಮಿನಿ ತಲೆಯೆತ್ತಿದಳು. ಬಿಸಿಲಿಗೆ ಕಂದಿದ ಮುಖ, ಕಂಕುಳಲ್ಲಿ ಹೆಲ್ಮೆಟ್ಟು, ಕಣ್ಣಲ್ಲಿ ಅಡಗಿಸಿಟ್ಟರೂ ಅಡಗದ ಸಿಟ್ಟು.

"ನಾನೇ. ಹೇಳಿ."

"ನಾನ್ ಸುಜನ್. ಗಂಗೊಳ್ಳಿಯಿಂದ ಬಂದದ್. ಅಕ್ಷಿತಾ ಮನೆಯವ್ರನ್ನ ಕರ್ಕಂಡ್ ಬಪ್ಪುಕೆ ಹೇಳಿದ್ರಂತೆ?"

ಯಾಮಿನಿಗೆ ಹಿಂದಿನ ದಿನದ ತರಗತಿ ನೆನಪಾಯಿತು. ಕುಂದಾಪುರದ ಈ ಕಾಲೇಜಿಗೆ ಅವಳು ಅತಿಥಿ ಉಪನ್ಯಾಸಕಿಯಾಗಿ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಪಠ್ಯದಲ್ಲಿ ಯುದ್ಧದ ಮೇಲೆ ಒಂದು ಕಥೆ, ಒಂದು ಕವಿತೆ. ಎರಡನ್ನೂ ಹೋಲಿಸಿ ಮಾತಾಡು ಅಂದರೆ ಅಕ್ಷಿತಾ ಎಂಬ ಹುಡುಗಿ ಎದ್ದು ನಿಂತವಳು ಬಾಯಿಯೇ ಬಿಡಲಿಲ್ಲ. ಎಷ್ಟು ಕೇಳಿದರೂ ಇಲ್ಲ. ಕೊನೆಗೆ ಚೀಲ ಹೆಗಲಿಗೇರಿಸಿ, ಎಲ್ಲರ ಎದುರೇ ತರಗತಿಯಿಂದ ಹೊರಗೆ ನಡೆದುಬಿಟ್ಟಿದ್ದಳು! ಮನೆಯವರನ್ನು ಕರೆತರಬೇಕೆಂದು ಯಾಮಿನಿ ಅವಳ ಗೆಳತಿಯ ಕೈಲಿ ಹೇಳಿಕಳಿಸಿದ್ದಳು.

"ನೀವು ಅವಳಿಗೆ ಏನಾಗಬೇಕು?"

"ಅದ್ರ ಅಣ್ಣನ ದೋಸ್ತ. ನಿಮ್ಮ ಪ್ರಶ್ನೆ ಎಂತ ಇತ್ತ್ ಮೇಡಂ? ಒಂಚೂರ್ ಹೇಳಿ, ನಾನೂ ಕೇಂತೆ."

ಅವನ ಧಾಟಿ ಯಾಮಿನಿಗೆ ಹಿಡಿಸಲಿಲ್ಲ. ಆದರೂ ಹೇಳಿದಳು. "ಯುದ್ಧದ ನೋವನ್ನು ಹೆಚ್ಚು ಸಮರ್ಥವಾಗಿ ಹೇಳುವುದು ಕಥೆಯೋ ಕವಿತೆಯೋ? ಹೋಲಿಸಿ ಚರ್ಚಿಸಿ."

"ಎಷ್ಟ್ ಮಾರ್ಕಿಂದ್?"

"ಹತ್ತು ಅಂಕದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅದು ಬಾಯಿ ಬಿಡ್ಲಿಲ್ಲ ಅಂದಾಗ ನೀವ್ ಎಂತ ಹೇಳಿದ್ರಿ? ಯುದ್ಧ ನೋಡಿರಬೇಕಾಗಿಲ್ಲ, ಕಲ್ಪಿಸಿಕೊಂಡು ಹೇಳು ಅಂದ್ರಿ. ಅಲ್ದಾ?"

"ಹೌದು..."

"ಅದ್ರ ಅಣ್ಣ ದೇವು ಹೋದ್ದೇ ಯುದ್ಧದಲ್ಲಿ ಮೇಡಂ. ಹಡಗಲ್ಲಿ ಕೆಲ್ಸ ಮಾಡ್ತಿದ್ದ. ಹಡಗಿಗೆ ಡ್ರೋನ್ ಬಂದ್ ಬಿತ್ತ್. ಸುಡುಕೂ ಹೆಣ ಸಿಕ್ಕಿಲ್ಲೆ." ಸುಜನ್ ಹೆಲ್ಮೆಟ್ಟನ್ನು ಇನ್ನೊಂದು ಕೈಗೆ ಬದಲಿಸಿದ. "ಅದ್ಕೆ ಎಷ್ಟ್ ಮಾರ್ಕ್ ಕೊಡ್ತ್ರಿ?"

ಕೋಣೆಯಲ್ಲಿದ್ದ ಉಳಿದವರೆಲ್ಲ ಕತ್ತು ಬಗ್ಗಿಸಿಕೊಂಡರು.

'ಅಯ್ಯೋ ದೇವರೇ... ಎಂತ ಮಾಡಿಬಿಟ್ಟೆ ನಾನು!'

ಕ್ಷಮಿಸಿ ಅನ್ನಬೇಕು ಎಂದು ಅವಳು ಎದ್ದು ನಿಲ್ಲುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಹೋಗಿಯಾಗಿತ್ತು. ಅವಳ ಕಣ್ಣಿಗೆ ಉಳಿದದ್ದು ಹೆಲ್ಮೆಟ್ಟು ಬದಲಿಸುವಾಗ ಕಂಡ ಅವನ ಕೈ. ಅಂಗೈಯ ಚರ್ಮ ಸುಟ್ಟು, ಸುಕ್ಕುಗಟ್ಟಿ, ನುಣ್ಣಗೆ ಹೊಳೆಯುತ್ತಿತ್ತು.

* * *

ಶನಿವಾರ ಕಾಲೇಜು ಬೇಗ ಬಿಟ್ಟಿತು. ಮನೆಗೆ ಹೋಗಲು ಕೋಟದ ಬಸ್ಸು ಹತ್ತಬೇಕಾದ ಯಾಮಿನಿ ಅಕ್ಷಿತಾಳ ಜೊತೆ ಗಂಗೊಳ್ಳಿಯ ಬಸ್ಸು ಹತ್ತಿದಳು. ತ್ರಾಸಿ ದಾಟಿದ ಮೇಲೆ ಅಕ್ಷಿತಾಳೇ ಮೆಲ್ಲಗೆ ಹೇಳಿದಳು.

"ಮೇಡಂ, ನಂಗೆ ಉತ್ತರ ಗೊತ್ತಿತ್ತ್. ಓದ್ಕಂಡೇ ಬಂದಿದ್ದೆ. ಎದ್ದ್ ನಿಂತ ಕೂಡ್ಲೆ ದೇವಣ್ಣನ ಮುಖ ಬಂತ್..."

ಯಾಮಿನಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಐಸ್ ಪ್ಲಾಂಟಿನ ಹಿಂದಿನ ಓಣಿಯಲ್ಲಿ ಅವರ ಮನೆ. ಜಗಲಿಯ ಮೇಲೆ ದೇವುವಿನ ತಾಯಿ ಕುಳಿತಿದ್ದಳು. ಬಾಗಿ ಎಂದು ಅವಳ ಹೆಸರು. ಮೊದಲು ಮೀನಿನ ಬುಟ್ಟಿ ಹೊತ್ತು ಮನೆಮನೆ ಸುತ್ತುತ್ತಿದ್ದ ಹೆಂಗಸು. ಮಗ ಹೋದ ಮೇಲೆ ಬುಟ್ಟಿ ಮುಟ್ಟಿಲ್ಲವಂತೆ.

"ನನ್ನಿಂದ ತಪ್ಪಾಯ್ತಮ್ಮ. ಗೊತ್ತಿಲ್ಲದೆ ನಿಮ್ಮ ಮಗಳ ಮನಸ್ಸು ನೋಯಿಸಿದೆ."

"ಗೊತ್ತಿಲ್ದೆ ಆದ್ದಲ್ದಾ? ಬಿಡಿ. ಕೂಕಣಿ ಟೀಚರ್ರೆ, ಬಿಸ್ಲಲ್ಲಿ ಬಂದಿದ್ರಿ. ಅಕ್ಷಿ, ಬೆಲ್ಲ ನೀರ್ ಕೊಡ್ ಮಗಾ."

ಅಷ್ಟರಲ್ಲಿ ಸುಜನ್ ಬಂದ. ಜಗಲಿಯಲ್ಲಿ ಯಾಮಿನಿಯನ್ನು ಕಂಡು ಹೆಜ್ಜೆ ನಿಂತಿತು. ಬಾಗಿ ಅದನ್ನು ಗಮನಿಸಲೇ ಇಲ್ಲ.

"ಬಾ ಮಗಾ. ಕೂಕೋ. ಹೇಳ್."

ಅವನು ಯಾಮಿನಿಯತ್ತ ನೋಡದೆ ಬಾಗಿಯ ಕಾಲಬುಡದಲ್ಲಿ ಕುಳಿತ. ದೇವುವಿನ ಜೊತೆ ಅದೇ ಹಡಗಿನಲ್ಲಿ ಕೆಲಸಕ್ಕಿದ್ದವನು ಹೇಳತೊಡಗಿದ.

"ಆವತ್ ಮಧ್ಯಾಹ್ನ ಹಡಗಲ್ಲಿ ಮೀನ್ ಸಾರ್ ಮಾಡಿದ್ರ್ ಅಮ್ಮ. ದೇವು ಎರಡ್ ಸಲ ಅನ್ನ ಹಾಕ್ಸ್‌ಕಂಡ. ನಮ್ಮ ಅಮ್ಮ ಮಾಡ್ದಂಗಿಲ್ಲೆ ಅಂದ್ಕಂಡೇ ಉಂಡ. ಮತ್ತೆ ಹೋಯಿ ಮನಿಕಂಡ. ಒಳ್ಳೆ ನಿದ್ರೆ ಬಂದಿತ್ತ್ ಅವಂಗೆ..."

"ಮತ್ತೆ?"

"ಮತ್ತೆ ಎಂತದೂ ಇಲ್ಲೆ. ನಿದ್ರೆಲೇ ಹೋದ."

"ನೋವಾಯ್ಲಿಲ್ಲೆ ಅಲ್ದಾ?"

"ಇಲ್ಲೆ ಅಮ್ಮ. ಒಂಚೂರೂ ಇಲ್ಲೆ."

ಬಾಗಿ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು. ಪ್ರತಿದಿನವೂ ಹೀಗೇ ಅಂತೆ. ಅವನು ಬರಬೇಕು, ಅದೇ ಕಥೆ ಹೇಳಬೇಕು. ಆಮೇಲೆಯೇ ಅವಳು ಒಳಗೆ ಹೋಗಿ ಒಲೆ ಹಚ್ಚುವುದು.

ಯಾಮಿನಿ ಬೆಲ್ಲ ನೀರಿನ ಲೋಟ ಕೆಳಗಿಟ್ಟು ಎದ್ದಳು.

ಬಸ್ಸಿನವರೆಗೆ ಸುಜನನೇ ಬಿಡಲು ಬಂದ. ಇಬ್ಬರೂ ಬಂದರಿನ ಗೋಡೆಗುಂಟ ನಡೆದರು.

"ಆವತ್ ನಾನ್ ಹಾಂಗ್ ಮಾತಾಡುಕಾಗಿತ್ತಿಲ್ಲೆ ಮೇಡಂ. ಎಲ್ಲರ ಎದುರು..."

"ನೀವು ಹೇಳಿದ್ದು ಸರಿಯಾಗೇ ಇತ್ತು."

"ಆ ಕಥೆ, ಕವಿತೆ ನಂಗೂ ಓದುಕೆ ಸಿಕ್ಕುತ್ತಾ?"

ಯಾಮಿನಿ ಅಚ್ಚರಿಯಿಂದ ನೋಡಿದಳು. ಅವನು ನಿಜಕ್ಕೂ ಕೇಳುತ್ತಿದ್ದ.

* * *

ಹಾಗೆ ಶುರುವಾಯಿತು. ಕಾಲೇಜು ಮುಗಿದ ಸಂಜೆ ಕೆಲವೊಮ್ಮೆ ಅವರು ಕೋಡಿಯ ಕಡಲತೀರಕ್ಕೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಸುಜನ್ ಪಠ್ಯಪುಸ್ತಕವನ್ನು ಪರೀಕ್ಷೆಗೆ ಕೂರುವವನ ಹಾಗೆ ಓದಿಕೊಂಡು ಬಂದಿದ್ದ.

ಕಥೆಯಲ್ಲಿ ಗಡಿಯಲ್ಲಿ ಕಾಲು ಕಳೆದುಕೊಂಡ ಒಬ್ಬ ಸೈನಿಕ ಊರಿಗೆ ಬರುತ್ತಾನೆ. ಹೆಂಡತಿ ಅವನಿಗೆ ನೀರು ಕಾಯಿಸಿ ಸ್ನಾನ ಮಾಡಿಸುತ್ತಾಳೆ. ಊರಿನವರು ಬಂದು ಮಾತಾಡಿಸುತ್ತಾರೆ. ಕೊನೆಗೆ ಅವನು ಊರುಗೋಲು ಹಿಡಿದು ಹೊಲದ ಬದುವಿನವರೆಗೆ ನಡೆದು ಹೋಗುತ್ತಾನೆ. ಕವಿತೆಯಲ್ಲಿ ಇಷ್ಟೆಲ್ಲ ಇಲ್ಲ. ಸುಟ್ಟ ಊರೊಂದರಲ್ಲಿ ಉಳಿದ ಒಂದು ತೊಟ್ಟಿಲು. ಗಾಳಿಗೆ ಅದು ತೂಗುತ್ತದೆ. ಅಷ್ಟೇ.

"ನಿಮ್ಗೆ ಯಾವ್ದ್ ಇಷ್ಟ?" ಸುಜನ್ ಕೇಳಿದ.

"ಕಥೆ. ಅದರಲ್ಲಿ ಮನುಷ್ಯರಿದ್ದಾರೆ. ಏನಾಯಿತು, ಯಾಕಾಯಿತು, ಆಮೇಲೆ ಹೇಗೆ ಬದುಕಿದರು... ಎಲ್ಲ ತಿಳಿಯುತ್ತದೆ. ಕವಿತೆ ಎದೆಗೆ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ನಿಮಗೆ?"

"ನಂಗೂ ಕಥೆಯೇ. ಅದ್ರಲ್ಲಿ ಆ ಮನ್ಷ ಕಡೀಗೆ ಮನೆಗೆ ಬತ್ತ." ಸುಜನ್ ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟ. "ಕವಿತೆ ಓದುಕೇ ಆಯ್ಲಿಲ್ಲೆ ಮೇಡಂ. ನಾಲ್ಕ್ ಸಾಲ್ ಓದಿ ಪುಸ್ತಕ ಮುಚ್ಚಿದೆ."

"ಯಾಕೆ?"

"ಅಲ್ಲಿ ಯಾರೂ ಬಪ್ಪುದಿಲ್ಲೆ."

ಆ ಕ್ಷಣಕ್ಕೆ ಯಾಮಿನಿಗೆ ಅವನ ತಲೆ ನೇವರಿಸಬೇಕು ಅನ್ನಿಸಿತು. ಛೆ! ಎಂದು ತನ್ನನ್ನೇ ಗದರಿಕೊಂಡಳು. ಆದರೆ ಆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಯೋಚನೆ.

ಅಪ್ಪ ಶಾಮರಾಯರು ಸಾಲಿಗ್ರಾಮದ ದೇವಸ್ಥಾನಕ್ಕೆ ಪೂಜೆಗೆ ಹೋಗುವವರು. ತಾಯಿಯಿಲ್ಲದ ಮಗಳ ಮುಖದಲ್ಲಿ ಆದ ಬದಲಾವಣೆ ಅವರಿಗೆ ತಿಳಿಯದೆ ಇರುತ್ತದೆಯೇ?

"ಯಾಮಿ, ಫೋನ್ ಬಂದ್ರೆ ಹಿತ್ಲಿಗೆ ಹೋತೆ ಈಗೀಗ. ಯಾರ್ ಅದ್?"

"ಕಾಲೇಜಿಂದ್ ಅಪ್ಪಯ್ಯ..."

ಅವರು ಮತ್ತೆ ಕೇಳಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

* * *

ಎಲ್ಲ ಕೆಟ್ಟದ್ದು ಒಂದು ವಿಡಿಯೋದಿಂದ.

ದೇವು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ, ಆ ಹಡಗಿನಲ್ಲಿದ್ದ ಬೇರೆ ರಾಜ್ಯದ ನಾವಿಕನೊಬ್ಬ ಯಾವುದೋ ಚಾನೆಲ್ಲಿಗೆ ಸಂದರ್ಶನ ಕೊಟ್ಟಿದ್ದ. ಕಾಲೇಜಿನ ಊಟದ ಬಿಡುವಿನಲ್ಲಿ ಅದು ಯಾಮಿನಿಯ ಮೊಬೈಲಿಗೂ ಬಂತು.

'ಮಧ್ಯಾಹ್ನವೇ. ಎಲ್ಲರೂ ಎಚ್ಚರವಿದ್ದೆವು. ದೇವು ಎಂಜಿನ್ ರೂಮಿನಲ್ಲಿ ಕೆಲಸದ ಮೇಲಿದ್ದ. ಪೆಟ್ಟು ಬಿದ್ದ ಮೇಲೂ ಬದುಕಿದ್ದ. ಒಳಗಿನಿಂದ ಕೂಗುತ್ತಿದ್ದ, ನಮಗೆಲ್ಲ ಕೇಳುತ್ತಿತ್ತು...'

ಯಾಮಿನಿ ಮೊಬೈಲನ್ನು ಮಗುಚಿಟ್ಟಳು.

ಎರಡು ಸಲ ಅನ್ನ ಹಾಕಿಸಿಕೊಂಡನಂತೆ... ಒಳ್ಳೆ ನಿದ್ದೆ ಬಂದಿತ್ತಂತೆ... ಎಲ್ಲ ಸುಳ್ಳಾ? ಹೆತ್ತ ತಾಯಿಯ ಎದುರು, ದಿನಾ ದಿನಾ?

ಸಂಜೆ ಕೋಡಿಯಲ್ಲಿ ಸುಜನ್ ಎಂದಿನಂತೆ ನಗುತ್ತ ಬಂದು ಕುಳಿತ. ಅವಳು ನಗಲಿಲ್ಲ.

"ದೇವು ನಿದ್ದೆಯಲ್ಲಿ ಹೋಗಲಿಲ್ಲ. ಅಲ್ವಾ?"

ಅವನ ಮುಖದ ಬಣ್ಣ ಇಳಿಯಿತು.

"ನಾನು ವಿಡಿಯೋ ನೋಡಿದೆ ಸುಜನ್. ಅವರು ಕೂಗ್ತಾ ಇದ್ದರು, ಎಲ್ಲರಿಗೂ ಕೇಳ್ತಾ ಇತ್ತು. ಆ ತಾಯಿಗೆ ಯಾಕೆ ಸುಳ್ಳು ಹೇಳಿದಿರಿ? ನಾಳೆ ಅವರಿಗೆ ಗೊತ್ತಾದರೆ? ಅವರನ್ನ... ಅವರನ್ನ ಅಲ್ಲೇ ಬಿಟ್ಟು ಬಂದಿರಾ ನೀವು?"

ಕೊನೆಯ ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೆ ತಾನು ಆಡಬಾರದ್ದನ್ನು ಆಡಿದೆ ಎಂದು ಗೊತ್ತಾಯಿತು. ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಸುಜನ್ ಅಂಗೈಯ ಮರಳು ಕೊಡವಿದ.

"ಹೌದ್ ಮೇಡಂ," ಅಂದ. "ಬಿಟ್ಟ್ ಬಂದೆ."

ಅಷ್ಟೇ ಹೇಳಿ ಎದ್ದು ಹೋದ. ಯಾಮಿನಿ ಕೂಗಿದಳು. ಅವನು ತಿರುಗಲಿಲ್ಲ. ಆಮೇಲೆ ಫೋನೂ ಎತ್ತಲಿಲ್ಲ.

ಒಂದು ವಾರ ಕಳೆದಿರಬೇಕು. ತರಗತಿ ಮುಗಿದ ಮೇಲೆ ಅಕ್ಷಿತಾ ಹತ್ತಿರ ಬಂದು ನಿಂತಳು. ಕಣ್ಣುಗಳು ಕೆಂಪಾಗಿದ್ದವು.

"ಸುಜನಣ್ಣ ಮತ್ತೆ ಹಡಗಿಗೆ ಹೋತ ಅಂಬ್ರ್ ಮೇಡಂ. ಅದೇ ದಾರಿಲಿ ಹೋಪ ಹಡಗಂತೆ. ಯಾರ್ ಹೇಳಿರೂ ಕೇಂತಿಲ್ಲೆ..."

ಅದೇ ದಾರಿ! ಯುದ್ಧ ಇನ್ನೂ ನಿಂತಿಲ್ಲದ ಅದೇ ಕಡಲು!

ಯಾಮಿನಿ ಚೀಲ ಎತ್ತಿಕೊಂಡು ಗಂಗೊಳ್ಳಿಯ ಬಸ್ಸಿಗೆ ಓಡಿದಳು. 'ನನ್ನ ಮಾತಿನಿಂದಲೇ... ನಾನೇ ಅವನನ್ನು ಅಲ್ಲಿಗೆ ತಳ್ಳಿದೆನಾ?'

* * *

ಬಾಗಿ ಅಂದು ಜಗಲಿಯಲ್ಲಿ ಒಬ್ಬಳೇ ಕುಳಿತಿದ್ದಳು. ಸುಜನ್ ಬಂದು ಹೋಗಿಯಾಗಿತ್ತು. ಯಾಮಿನಿ ಅವಳ ಪಕ್ಕದಲ್ಲಿ ಕುಳಿತು, ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಸೆರಗಿನ ತುದಿ ತಿರುವಿದಳು.

"ಅಮ್ಮ, ಮೊಬೈಲಲ್ಲಿ ಯಾರಾದರೂ ಏನಾದರೂ ತೋರಿಸಿದರೆ... ನೋಡಬೇಡಿ."

"ದೇವು ಕೂಗ್ತಿದ್ದ ಅಂಬುದಾ?"

ಯಾಮಿನಿ ಬೆಚ್ಚಿಬಿದ್ದಳು.

"ನಂಗೆ ವಿಡಿಯೋ ಎಂತಕ್ಕೆ ಮಗಾ? ಮೊದಲ ದಿನವೇ ಗೊತ್ತಿತ್ತ್. ನನ್ನ ಮಗ ಹಗಲೊತ್ತು ಯಾವತ್ತಾರೂ ಮನಿಕಂಡದ್ದ್ ಇತ್ತಾ? ಸಣ್ಣ ಮಗು ಇಪ್ಪಾಗ್ಲೂ ಇಲ್ಲೆ. ಮತ್ತೆ ಈ ಹೆಡ್ಡ ಬಂದ್ ಮನಿಕಂಡಿದ್ದ ಅಂತ... ಅವನ ಕೈ ಕಂಡಿದ್ಯಾ ನೀನ್? ಎರಡೂ ಅಂಗೈ? ದೋಸ್ತ ನಿದ್ರೆಲಿ ಹೋದ್ರೆ ಇವನ ಕೈ ಎಂತಕ್ಕೆ ಸುಡುದ್?"

ಆ ಕೈಯನ್ನು ಅವಳು ಮೊದಲ ದಿನವೇ ನೋಡಿದ್ದಳು. ಎಷ್ಟು ಸಲ ಪಕ್ಕದಲ್ಲೇ ಕುಳಿತು ನೋಡಿದ್ದಳು. ಒಮ್ಮೆಯೂ ಕೇಳಿರಲಿಲ್ಲ!

"ಗೊತ್ತಿದ್ದೂ ದಿನಾ ಹೇಳಿಸ್ತೀರಲ್ಲಮ್ಮ... ಯಾಕೆ?"

ಬಾಗಿ ಓಣಿಯತ್ತ ನೋಡಿದಳು.

"ಅಂವ ಹೇಳೂವಷ್ಟ್ ಹೊತ್ತು ನನ್ನ ಮಗ ಹೊಟ್ಟೆ ತುಂಬ ಉಂಡ್ ಮನಿಕಂಡಿರ್ತ. ಸುಳ್ಳಾರೂ ಅಡ್ಡಿಲ್ಲೆ, ಉಂತ ಅಲ್ದಾ?" ಅವಳ ದನಿ ಸಣ್ಣಗಾಯಿತು. "ಮತ್ತೆ ನಾನ್ ಸುಳ್ಳು ಅಂದ್ರೆ, ಇಂವ ಈ ಬಾಗ್ಲಿಗೆ ಬಪ್ಪುದೇ ನಿಲ್ತ್. ಒಬ್ಬ ಹೋದ. ಇವನೂ ಹೋದ್ರೆ ನಾನ್ ಎಂತ ಮಾಡ್ಲಿ?"

ಯಾಮಿನಿ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮಗನನ್ನು ಕಳೆದುಕೊಂಡವಳೇ ಅವಳ ಬೆನ್ನು ಸವರಿದಳು.

"ಹೋಗ್ ಮಗಾ. ದಕ್ಕೆಯಲ್ಲಿ ಕೂತಿರ್ತ. ಬೈಬ್ಯಾಡ. ಕೇಳುಕೂ ಹೋಗ್ಬ್ಯಾಡ. ಸುಮ್ನೆ ಹೋಯಿ ಕೂಕೋ."

* * *

ಬೋಟುಗಳು ಸಾಲಾಗಿ ನಿಂತ ದಕ್ಕೆಯ ತುದಿಯಲ್ಲಿ ಸುಜನ್ ಕಾಲು ಇಳಿಬಿಟ್ಟು ಕುಳಿತಿದ್ದ. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಚುಚ್ಚುತ್ತಿತ್ತು. ಯಾಮಿನಿ ಬಂದು ಪಕ್ಕದಲ್ಲಿ ಕುಳಿತಳು. ಒಂದು ಮಾತೂ ಆಡಲಿಲ್ಲ.

ಅವನೂ ಆಡಲಿಲ್ಲ.

ಒಂದು ಬೋಟು ಅಳಿವೆ ದಾಟಿ ಒಳಗೆ ಬಂತು. ಐಸು ತುಂಬಿದ ಪೆಟ್ಟಿಗೆಗಳನ್ನು ಯಾರೋ ಎಳೆದುಕೊಂಡು ಹೋದರು. ಅವಳು ಹಾಗೇ ಕುಳಿತಿದ್ದಳು.

"ಬಾಗ್ಲ್," ಅಂದ ಸುಜನ್, ಇದ್ದಕ್ಕಿದ್ದಂತೆ.

ಯಾಮಿನಿ ಕದಲಲಿಲ್ಲ.

"ಕಬ್ಬಿಣದ್ದ್. ಕೆಂಪಗಾಯಿತ್ತ್."

...

"ಸುಜಾ ಅಂದ. ಎರಡ್ ಸಲ."

...

"ಹೊಗೆ. ಮತ್ತೆ ನನ್ನ ಕೈ... ಎಳ್ದೆ. ಎಳ್ದೆ ಮೇಡಂ. ಯಾರೋ ನನ್ನ ಹಿಂದಿಂದ..."

...

"ಮತ್ತೆ ಕೂಗ್ಲಿಲ್ಲೆ."

ಅವನು ಅಂಗೈಗಳಿಂದ ಮುಖ ಮುಚ್ಚಿಕೊಂಡ. ಇಷ್ಟು ದಿನ ಬಾಗಿಗೆ ಹೇಳುತ್ತಿದ್ದ ಕಥೆಗೆ ಊಟವಿತ್ತು, ನಿದ್ದೆಯಿತ್ತು, ಒಂದು ಕೊನೆಯಿತ್ತು. ನಿಜವಾದದ್ದಕ್ಕೆ ಅದ್ಯಾವುದೂ ಇರಲಿಲ್ಲ. ಇದ್ದದ್ದು ನಾಲ್ಕೈದು ಮಾತು. ಅವುಗಳ ನಡುವೆ ಯಾರೂ ತುಂಬಲಾಗದ ಮೌನ.

ಯಾಮಿನಿಗೆ ತರಗತಿಯಲ್ಲಿ ತಾನು ಹೇಳಿಕೊಟ್ಟದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಎದೆಗೊಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ ಅಂದಿದ್ದಳಲ್ಲ ಕವಿತೆಯ ಬಗ್ಗೆ? ಮುಂದೆ ಹೇಳಲು ಬಾಯಿ ಬಾರದೆ ನಿಂತದ್ದನ್ನು ಅವಳು ಕವಿಯ ಕುಶಲತೆ ಅಂದುಕೊಂಡಿದ್ದಳು.

ಅವಳು ಅವನ ಎರಡೂ ಅಂಗೈಗಳನ್ನು ತನ್ನ ಕೈಗೆ ತೆಗೆದುಕೊಂಡಳು.

"ನೀವು ಬಿಟ್ಟು ಬರಲಿಲ್ಲ. ಗೊತ್ತಾಯ್ತಾ? ಬಿಟ್ಟು ಬರಲಿಲ್ಲ. ನಾನು ಹಾಗೆ ಅನ್ನಬಾರದಿತ್ತು... ನನ್ನ ಮೇಲಿನ ಸಿಟ್ಟಿಗೆ ಹೋಗ್ತಾ ಇದ್ದೀರಾ?"

"ಇಲ್ಲೆ. ನಿಮ್ಮ ಮೇಲೆ ಸಿಟ್ಟ್ ಬತ್ತಿಲ್ಲೆ ನಂಗೆ." ಅವನು ಮುಖ ಒರೆಸಿಕೊಂಡ. "ಅಂವ ಅಲ್ಲೇ ಇದ್ದ ಮೇಡಂ, ಆ ನೀರಲ್ಲಿ. ಅವಂಗೆ ಒಂದ್ ಹಿಡಿ ಅಕ್ಕಿ ಹಾಕ್ದವರೂ ಇಲ್ಲೆ. ಒಂದ್ ಸಲ ನಾನ್ ಆ ನೀರ್ ಮೇಲೆ ಹೋಯ್ಕ್. ಹೋಯಿ ಬಂದ್ರೆ ಮಾತ್ರ ನಂಗೆ ಇಲ್ಲಿ ಇಪ್ಪುಕಾತ್ತ್."

"ಹೋಗಬೇಡಿ ಅಂದರೆ?"

"ನೀವ್ ಹೇಳ್ಬ್ಯಾಡಿ. ನೀವ್ ಹೇಳಿರೆ ನಿಂತ್ಬಿಡ್ತೆ. ನಿಂತ್ರೆ ದಿನಾ ಸಾಯ್ತೆ."

ಎಂಥ ಅಸಹಾಯಕತೆ ಅದು! ತಡೆಯುವ ಶಕ್ತಿ ಇದೆ, ತಡೆಯುವ ಹಾಗಿಲ್ಲ. ಯಾಮಿನಿ ತುಟಿ ಕಚ್ಚಿಕೊಂಡು ಕಡಲನ್ನು ನೋಡಿದಳು. ಆಮೇಲೆ ಕಾಲೇಜಿನ ಕನ್ನಡವನ್ನೆಲ್ಲ ಬಿಟ್ಟು, ಕೋಟದ ತನ್ನ ಮನೆಯ ಮಾತಿನಲ್ಲಿ ಹೇಳಿದಳು.

"ಹೋಯಿ ಬನಿ. ಆದ್ರೆ ವಾಪಸ್ ಬರ್ಕ್. ನಂಗೆ ನೀವ್ ಬೇಕ್ ಸುಜನ್."

ಅವನು ಅವಳ ಕೈಯನ್ನು ಹಣೆಗೊತ್ತಿಕೊಂಡ.

* * *

ಅವನು ಹೊರಟ ದಿನ ಬಾಗಿ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. "ದೇವುಗೆ" ಅಂದಳು, ಅಷ್ಟೇ. ಸುಜನ್ ಅವಳ ಮುಖ ನೋಡಿದ. ಅವಳಿಗೆ ಎಲ್ಲ ಗೊತ್ತಿದೆಯೆಂದು ಅವನಿಗೆ ಆಗ ಗೊತ್ತಾಯಿತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

ಆಮೇಲೆ ಕಾಯುವುದು.

ಮೊದಮೊದಲು ಮೆಸೇಜುಗಳು ಬರುತ್ತಿದ್ದವು. ಊಟವಾಯಿತು, ಸೆಕೆ ಇದೆ, ಇಲ್ಲಿ ಎಲ್ಲ ಸರಿ ಇದೆ. ಆಮೇಲೆ ಟಿವಿಯಲ್ಲಿ ಮತ್ತೆ ಆ ಕಡಲಿನ ನಕ್ಷೆ, ಕೆಂಪು ಬಾಣಗಳು, ಕಿರುಚುವ ದನಿಗಳು. ಜಲಮಾರ್ಗ ಬಂದ್! ಹಡಗುಗಳೆಲ್ಲ ನಿಂತಲ್ಲೇ ನಿಂತವು. ಸುಜನನ ಫೋನು ಮೌನವಾಯಿತು.

ಯಾಮಿನಿ ಕಂಪನಿಗೆ ಫೋನು ಮಾಡಿದಳು. ಮನೆಯವರಿಗೆ ಮಾತ್ರ ಮಾಹಿತಿ ಅಂದರು.

"ನೀವು ಅವರಿಗೆ ಏನಾಗಬೇಕು?"

ಏನಾಗಬೇಕು? ಯಾಮಿನಿ ಫೋನು ಇಟ್ಟಳು. ಮೊದಲ ದಿನ ಅಧ್ಯಾಪಕರ ಕೋಣೆಯಲ್ಲಿ ತಾನೇ ಕೇಳಿದ್ದ ಪ್ರಶ್ನೆ ಇಷ್ಟು ಕ್ರೂರವಾದದ್ದು ಎಂದು ಅವಳಿಗೆ ಈಗ ತಿಳಿಯಿತು.

ಯಾರದೋ ಯುದ್ಧ. ಯಾರಿಗೋ ಯಾರ ಮೇಲೋ ದ್ವೇಷ. ಅದನ್ನು ನಿಲ್ಲಿಸಿ ಎಂದು ಕೇಳಲು ಗಂಗೊಳ್ಳಿಯ ಬಾಗಿಗಾಗಲೀ ಕೋಟದ ಯಾಮಿನಿಗಾಗಲೀ ಒಂದು ವಿಳಾಸವೂ ಗೊತ್ತಿರಲಿಲ್ಲ. ಯಾಮಿನಿ ಬೆಳಿಗ್ಗೆ ಎದ್ದಳು, ಬಸ್ಸು ಹತ್ತಿದಳು, ಪಾಠ ಮಾಡಿದಳು. ಸಂಜೆ ಬಾಗಿಯ ಜಗಲಿಗೆ ಹೋದಳು. ಈಗ ಕಥೆ ಹೇಳುವವರಿಲ್ಲ. ಮೂವರು ಹೆಂಗಸರು ಓಣಿಯನ್ನು ನೋಡುತ್ತ ಕೂರುತ್ತಿದ್ದರು.

ಒಂದು ದಿನ ಕಿರುಪರೀಕ್ಷೆಯ ಪ್ರಶ್ನೆಗಳನ್ನು ಬರೆಯಲು ಕುಳಿತವಳು ಆ ಹಳೆಯ ಪ್ರಶ್ನೆಗೆ ಬಂದು ನಿಂತಳು. ಕಥೆಯೋ, ಕವಿತೆಯೋ? ಕಥೆ ಬಾಗಿಯಂಥವರು ನಾಳೆ ಒಲೆ ಹಚ್ಚುವುದಕ್ಕೆ ಬೇಕು. ಕವಿತೆ, ಹೇಳಲಾಗದವನ ಪಕ್ಕ ಯಾರಾದರೂ ಸುಮ್ಮನೆ ಕೂರುವುದಕ್ಕೆ ಬೇಕು. ಎರಡನ್ನೂ ತೂಗಿ ಅಂಕ ಕೊಡಲು ತಾನು ಯಾರು? ಅವಳು ಆ ಪ್ರಶ್ನೆಯನ್ನು ಬಿಟ್ಟಳು.

ಆ ಸಂಜೆಯೇ ಅಪ್ಪನ ಎದುರು ಹೋಗಿ ನಿಂತಳು.

"ಅಪ್ಪಯ್ಯ, ಫೋನ್ ಮಾಡ್ತಿದ್ದದ್ ಕಾಲೇಜಿನವ್ರಲ್ಲ."

ಎಲ್ಲವನ್ನೂ ಹೇಳಿದಳು. ಶಾಮರಾಯರು ಜಪಮಾಲೆಯನ್ನು ಕೆಳಗಿಡದೆ ಕೇಳಿದರು. ಬೈಯಲಿಲ್ಲ. ಒಪ್ಪಲೂ ಇಲ್ಲ.

"ಮೊದಲ್ ಆ ಹುಡ್ಗ ಸುಖವಾಗ್ ಬರ್ಲಿ ಮಗಾ," ಅಂದರು ಕೊನೆಗೆ. "ಉಳ್ದದ್ದ್ ಮತ್ತೆ."

ಮರುದಿನ ದೇವಸ್ಥಾನದಿಂದ ಬಂದವರು ಪ್ರಸಾದ ಅವಳ ಕೈಗಿಟ್ಟರು. ಯಾರ ಹೆಸರಲ್ಲಿ ಪೂಜೆ ಮಾಡಿದ್ದೆಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

* * *

ಕೊನೆಗೊಂದು ಬೆಳಿಗ್ಗೆ ಸುಜನನ ಫೋನು ಬಂತು. ದನಿ ಹರಿದುಹೋದಂತಿತ್ತು. ಹಡಗು ಹೊರಬಂದಿದೆ, ಇಳಿದಿದ್ದೇನೆ, ಮುಂಬೈಗೆ ಬಂದು ರೈಲು ಹತ್ತುತ್ತೇನೆ ಅಂದ. ಯಾಮಿನಿ 'ಹ್ಞೂಂ' ಅಂದಳು.

ಅವನು ಇಳಿಯಬೇಕಾದದ್ದು ಕುಂದಾಪುರದಲ್ಲಿ. ಆದರೆ ಮುಂಬೈಯ ರೈಲು ಬೈಂದೂರಿಗೆ ಮೊದಲು ಬರುತ್ತದೆ. ಅಷ್ಟು ಹೊತ್ತು ಹೆಚ್ಚು ಕಾಯುವ ಚೈತನ್ಯ ಅವಳಲ್ಲಿ ಉಳಿದಿರಲಿಲ್ಲ. ಬಸ್ಸು ಹಿಡಿದು ಬೈಂದೂರಿನ ನಿಲ್ದಾಣಕ್ಕೇ ಹೋಗಿ ನಿಂತಳು.

ರೈಲು ಬಂತು. ಬಾಗಿಲಲ್ಲಿ ಜೋತು ನಿಂತಿದ್ದ, ಗಡ್ಡ ಬಿಟ್ಟು ಸೊರಗಿದ್ದ ಮನುಷ್ಯನನ್ನು ಅವಳು ಮೊದಲು ಗುರುತಿಸಲೇ ಇಲ್ಲ.

"ಹ್ವಾಯ್! ನೀವ್ ಎಂತ ಇಲ್ಲಿ?"

ಸುಜನ್ ರೈಲು ಪೂರ್ತಿ ನಿಲ್ಲುವ ಮೊದಲೇ ಚೀಲ ಸಮೇತ ಧುಮುಕಿದ. ಅವಳ ಎದುರು ಬಂದು ನಿಂತ. ಅವಳು ಅವನ ತೋಳನ್ನು ಮುಟ್ಟಿದಳು, ಭುಜ ಮುಟ್ಟಿದಳು, ಗಡ್ಡ ಮುಟ್ಟಿದಳು... ಇದ್ದಾನೆ. ನಿಜವಾಗಿಯೂ ಇದ್ದಾನೆ!

"ಅಕ್ಕಿ ಹಾಕ್ದೆ," ಅಂದ ಅವನು. "ಬೆಳಿಗ್ಗೆ. ನೀರ್ ತಣ್ಣಗಿತ್ತ್."

ಯಾಮಿನಿ ತಲೆಯಾಡಿಸಿದಳು. ಮುಂದೆ ಏನನ್ನೂ ಕೇಳಲಿಲ್ಲ. ರೈಲು ಅವರಿಬ್ಬರನ್ನು ಬಿಟ್ಟು ಮುಂದಕ್ಕೆ ಹೋಯಿತು. ಪ್ಲಾಟ್‌ಫಾರಂ ಖಾಲಿಯಾಯಿತು.

"ಯಾಮಿನಿ..."

"ಹ್ಞಾಂ?"

"ಅಲ್ಲಿ ಹಡಗ್ ನಿಂತಿಪ್ಪಾಗ ಒಂದೇ ಯೋಚ್ನೆ. ದಕ್ಕೆಯಲ್ಲಿ ನೀವ್ 'ನಂಗೆ ನೀವ್ ಬೇಕ್' ಅಂದ್ರಿ. ನಾನ್ ಎಂತದೂ ಹೇಳ್ದೆ ಬಂದೆ. ಇಲ್ಲೇ ಹೋದ್ರೆ ಅದ್ ಹೇಳ್ದೇ ಉಳಿತ್ತಲೆ ಅಂತ..." ಅವನ ಕಣ್ಣು ತುಂಬಿತು. "ನಂಗೂ ನೀವೇ ಬೇಕ್. ಬೇರೆ ಎಂತದೂ ಬ್ಯಾಡ."

ಅವಳು ನಗಲು ಹೋಗಿ ಬಿಕ್ಕಿದಳು.

"ನಿಮ್ಮ ಅಪ್ಪಯ್ಯಂಗೆ ಗೊತ್ತಿತ್ತಾ?"

"ಹೇಳಿದ್ದೆ."

"ಒಪ್ಪಿದ್ರಾ?"

"ಇಲ್ಲೆ. ಇನ್ನೂ ಇಲ್ಲೆ."

ಸುಜನನ ಮುಖ ಸಪ್ಪಗಾಯಿತು. "ಹಾಂಗಾರೆ?"

ಯಾಮಿನಿ ಕಣ್ಣೊರೆಸಿಕೊಂಡು, ಅವನ ಚೀಲದ ಒಂದು ಹಿಡಿಯನ್ನು ತಾನು ಹಿಡಿದಳು.

"ಹಾಂಗಾರೆ ಎಂತ? ಬನಿ. ಇಬ್ರೂ ಒಟ್ಟಿಗೆ ಹೋಯಿ ಅಪ್ಪಯ್ಯನ ಕೇಂಬ."